ದಾರ ಕಟ್ಟಿದ ಪೆನ್ನು

ಆ ಠಾಣೆಗೆ ಹೋದ ಮೊದಲ ದಿನ ಅಲ್ಲಿನ ಸಾರ್ಜೆಂಟ್ ನನ್ನ ಬಗ್ಗೆ ರಿಜಿಸ್ಟರ್‌ನಲ್ಲಿ ಒಂದು ಸಾಲು ಬರೆದರು. ‘ಬೆಳಿಗ್ಗೆ 9.40. ಯುಎನ್ ಲೇಡಿ ಬಂದರು. ಪೆನ್ನು ತಂದಿಲ್ಲ.’ ಅದನ್ನು ನಾನು ಓದಿದ್ದು ಎರಡು ವಾರ ಕಳೆದ ಮೇಲೆ. ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ನನ್ನ ಜೇಬಿನಲ್ಲಿ ಪೆನ್ನು ಇದ್ದೇ ಇತ್ತು. ಅವರು ಕೇಳಿದ್ದು ಠಾಣೆಗೆ ಕೊಡೋಕೆ ಪೆನ್ನು ತಂದಿದ್ದೀರಾ ಅಂತ. ಅವರ ಇಂಗ್ಲಿಷ್ ಅರ್ಥವಾಗದೆ ನಾನು ಸುಮ್ನೆ ತಲೆ ಅಲ್ಲಾಡಿಸಿದ್ದೆ.

ಇದು 2006ರ ಜೂನ್ ತಿಂಗಳ ಮಾತು. ಊರು ಮನ್ರೋವಿಯಾ, ಪಶ್ಚಿಮ ಆಫ್ರಿಕಾದ ಲೈಬೀರಿಯಾದ ರಾಜಧಾನಿ. ನಾನು ಹೋಗಿದ್ದು ವಿಶ್ವಸಂಸ್ಥೆಯ ಪೊಲೀಸ್ ಸಲಹೆಗಾರ್ತಿಯಾಗಿ, ಒಂದು ವರ್ಷಕ್ಕೆ. ಭಾರತದಲ್ಲಿ ಅಷ್ಟು ಹೊತ್ತಿಗೆ ಹದಿಮೂರು ವರ್ಷ ಪೊಲೀಸ್ ಕೆಲಸ ಮಾಡಿದ್ದೆ. ಆಯ್ಕೆಗೆ ಇಂಗ್ಲಿಷ್ ಪರೀಕ್ಷೆ ಇತ್ತು, ಡ್ರೈವಿಂಗ್ ಪರೀಕ್ಷೆ ಇತ್ತು. ಇಂಗ್ಲಿಷ್ ಸಲೀಸಾಗಿ ಮುಗಿಯಿತು. ಗಾಡಿಯದ್ದೇ ಫಜೀತಿ. ಸ್ಟಿಯರಿಂಗ್ ಎಡಕ್ಕಿರುವ ದೊಡ್ಡ ಜೀಪು. ಗೇರ್ ಹಾಕಬೇಕು ಅಂದಾಗಲೆಲ್ಲ ಎಡಗೈ ಹೋಗಿ ಬಾಗಿಲಿಗೆ ಬಡಿಯುತ್ತಿತ್ತು. ಹೇಗೋ ಪಾಸಾದೆ. ಮನ್ರೋವಿಯಾದಲ್ಲಿ ಮತ್ತೆ ಪರೀಕ್ಷೆ ಇಟ್ಟರು. ಅಲ್ಲಿ ಮೊದಲ ಸಲ ಫೇಲಾದೆ. ರಿವರ್ಸ್‌ನಲ್ಲಿ ಕಂಬಕ್ಕೆ ತಾಗಿಸಿದ್ದೆ. ಮೂರು ವಾರ ಬೇರೆಯವರ ಗಾಡಿಯಲ್ಲಿ ಓಡಾಡಿದೆ.

ವಿಮಾನ ನಿಲ್ದಾಣದಿಂದ ಊರಿಗೆ ಬರುವ ದಾರಿಯಲ್ಲಿ ಮೈಲಿಗಟ್ಟಲೆ ರಬ್ಬರ್ ತೋಟ. ಸಾಲು ಸಾಲು ಮರ, ಬುಡಕ್ಕೆ ಕಟ್ಟಿದ ಬಟ್ಟಲು. ಮಳೆ ಎಂಥದ್ದು ಅಂದರೆ ವೈಪರ್ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಜಗತ್ತಿನಲ್ಲೇ ಹೆಚ್ಚು ಮಳೆ ಬೀಳುವ ರಾಜಧಾನಿಗಳಲ್ಲಿ ಅದೂ ಒಂದು. ಊರು ಸೇರಿದಾಗ ಕತ್ತಲಾಗಿತ್ತು. ನಿಜವಾದ ಕತ್ತಲು. ಜಲವಿದ್ಯುತ್ ಘಟಕ ಯುದ್ಧದಲ್ಲಿ ಹಾಳಾದ ಮೇಲೆ ಆ ಊರಿಗೆ ಹದಿನೈದು ವರ್ಷ ಸರಿಯಾದ ಕರೆಂಟೇ ಇರಲಿಲ್ಲ. ಅಲ್ಲೊಂದು ಇಲ್ಲೊಂದು ಜನರೇಟರ್ ಸದ್ದು, ಸುತ್ತ ಮೊಂಬತ್ತಿ ಬೆಳಕು.

ಯುದ್ಧದ ಕಥೆ ಉದ್ದ. ಚಿಕ್ಕದಾಗಿ ಹೇಳ್ತೀನಿ. 1989ರ ಡಿಸೆಂಬರ್ 24ಕ್ಕೆ ಚಾರ್ಲ್ಸ್ ಟೇಲರ್ ಎಂಬಾತ ಪಕ್ಕದ ದೇಶದಿಂದ ಬಂಡುಕೋರರನ್ನು ಕಟ್ಟಿಕೊಂಡು ನುಗ್ಗಿದ. ಏಳೆಂಟು ವರ್ಷ ಹೊಡೆದಾಟ. 1997ರಲ್ಲಿ ಚುನಾವಣೆ ನಡೆದು ಅವನೇ ಅಧ್ಯಕ್ಷನಾದ. 1999ರಲ್ಲಿ ಅವನ ವಿರುದ್ಧ ಮತ್ತೊಂದು ಯುದ್ಧ. 2003ರ ಆಗಸ್ಟ್‌ನಲ್ಲಿ ಅವನು ಗದ್ದುಗೆ ಬಿಟ್ಟು ನೈಜೀರಿಯಾಕ್ಕೆ ಹೋದ. ಅದೇ ತಿಂಗಳು ಘಾನಾದ ಅಕ್ರಾದಲ್ಲಿ ಶಾಂತಿ ಒಪ್ಪಂದವಾಯಿತು. ಎರಡೂ ಯುದ್ಧ ಸೇರಿ ಸುಮಾರು 2,50,000 ಜನ ಸತ್ತರು ಅನ್ನುವ ಅಂದಾಜಿದೆ. ಇಡೀ ದೇಶದ ಜನಸಂಖ್ಯೆ ಮೂವತ್ತು ಲಕ್ಷದ ಆಸುಪಾಸು ಇದ್ದ ಕಾಲ ಅದು.

ಆ ಒಪ್ಪಂದದಲ್ಲೇ ಬರೆದಿತ್ತು: ಹಳೆಯ ಸೇನೆಯನ್ನು ಬಿಚ್ಚಿ ಹೊಸದಾಗಿ ಕಟ್ಟಬೇಕು, ಪೊಲೀಸ್ ವ್ಯವಸ್ಥೆಯನ್ನು ಸರಿ ಮಾಡಬೇಕು. ಸೇನೆಯ ಕೆಲಸಕ್ಕೆ ಅಮೆರಿಕ ಮುಂದೆ ನಿಂತಿತು. ಪೊಲೀಸ್ ಕೆಲಸ ವಿಶ್ವಸಂಸ್ಥೆಯ ಪಾಲಿಗೆ ಬಂತು. ನಾನು ಹೋಗುವ ಮುಂಚೆ ಎರಡೂ ಒಂದೇ ಥರದ ಕೆಲಸ ಅಂದುಕೊಂಡಿದ್ದೆ. ಅಲ್ಲ. ಸೇನೆಯವರನ್ನು ಪೂರ್ತಿಯಾಗಿ ಮನೆಗೆ ಕಳಿಸಿದರು. ಹದಿಮೂರು ಸಾವಿರಕ್ಕೂ ಜಾಸ್ತಿ ಜನ. ಆಮೇಲೆ 2,000 ಜನರ ಹೊಸ ಸೇನೆಗೆ ಒಬ್ಬೊಬ್ಬರನ್ನೇ ಆರಿಸತೊಡಗಿದರು. ಸೇರಲು ಬಂದವರ ಫೋಟೋ ಪತ್ರಿಕೆಯಲ್ಲಿ, ಊರ ಗೋಡೆಗಳ ಮೇಲೆ ಹಾಕಿ, ಇವನ ಬಗ್ಗೆ ಏನಾದರೂ ಗೊತ್ತಿದ್ದರೆ ಹೇಳಿ ಅಂತ ಜನರನ್ನೇ ಕೇಳಿದರು. ವರ್ಷಗಟ್ಟಲೆ ಹಿಡಿಯಿತು. ಹಿಡಿದರೂ ನಡೆಯುತ್ತಿತ್ತು, ಯಾಕಂದರೆ ಗಡಿಯಲ್ಲಿ ಯುಎನ್ ಸೈನಿಕರಿದ್ದರು.

ಪೊಲೀಸರನ್ನು ಹಾಗೆ ಮಾಡೋಕಾಗಲ್ಲ. ಇವತ್ತು ರಾತ್ರಿ ಕಳ್ಳತನ ಆದರೆ ಇವತ್ತೇ ಯಾರಾದರೂ ಬರಬೇಕು. ಒಲೆ ಉರಿಯುತ್ತಿರುವಾಗಲೇ, ಮೇಲೆ ಅನ್ನ ಬೇಯುತ್ತಿರುವಾಗಲೇ ಒಲೆ ಕಿತ್ತು ಕಟ್ಟುವ ಕೆಲಸ ನಮ್ಮದು. ಟೇಲರ್ ಕಾಲದಲ್ಲಿ ಪೊಲೀಸರೇ ಜನರನ್ನು ಸುಲಿದಿದ್ದರು. ಪೊಲೀಸರ ಜೊತೆಗೆ ಒಂದರ ಮೇಲೊಂದು ರಕ್ಷಣಾ ದಳಗಳು, ಗುಪ್ತಚರ ದಳಗಳು. ಅದರಲ್ಲಿ ಭಯೋತ್ಪಾದನೆ ತಡೆಯುವ ಪಡೆ ಅಂತ ಒಂದು. ಅದರ ಮುಖ್ಯಸ್ಥ ಟೇಲರ್‌ನ ಮಗನೇ. ಚಿತ್ರಹಿಂಸೆ ಕೊಟ್ಟಿದ್ದಕ್ಕೆ ಅವನಿಗೆ 2009ರಲ್ಲಿ ಅಮೆರಿಕದ ನ್ಯಾಯಾಲಯ 97 ವರ್ಷ ಜೈಲು ಹಾಕಿತು. ಅಂಥವರನ್ನು ಕಂಡಿದ್ದ ಜನ ಸಮವಸ್ತ್ರ ಕಂಡರೆ ದಾರಿ ಬದಲಿಸುತ್ತಿದ್ದರು.

ನಮಗೆ ಅಧಿಕಾರವೂ ಇರಲಿಲ್ಲ. ಕೊಸೊವೊದಲ್ಲಿ, ಪೂರ್ವ ಟಿಮೋರ್‌ನಲ್ಲಿ ಯುಎನ್ ಪೊಲೀಸರೇ ಬಂಧಿಸಬಹುದಿತ್ತು, ತನಿಖೆ ಮಾಡಬಹುದಿತ್ತು. ಲೈಬೀರಿಯಾದಲ್ಲಿ ನಾವು ಪಕ್ಕದಲ್ಲಿ ನಿಂತು ಹೇಳಬಹುದಿತ್ತು, ಅಷ್ಟೇ. ಹದಿಮೂರು ವರ್ಷ ಲಾಠಿ ಹಿಡಿದವಳಿಗೆ ಕೈ ಕಟ್ಟಿಕೊಂಡು ನಿಲ್ಲುವುದು ಸುಲಭವಲ್ಲ.

ಠಾಣೆಗೆ ಅಲ್ಲಿ ಡಿಪೋ ಅಂತಾರೆ. ನನ್ನ ಡಿಪೋ ಎಂದರೆ ಎರಡು ಕೋಣೆ, ಒಂದು ಲಾಕಪ್, ತಗಡಿನ ಮಾಡು. ಮಳೆ ಬಂದರೆ ಯಾರ ಮಾತು ಯಾರಿಗೂ ಕೇಳುತ್ತಿರಲಿಲ್ಲ. ಒಂದು ಮೇಜು, ಅದರ ಹಿಂದೆ ಸಾರ್ಜೆಂಟ್. ಐವತ್ತು ದಾಟಿದ ಮನುಷ್ಯ. ಯುದ್ಧಕ್ಕೂ ಮುಂಚೆ, ಅಧ್ಯಕ್ಷ ಸ್ಯಾಮುಯೆಲ್ ಡೋ ಆಳುತ್ತಿದ್ದ ಕಾಲಕ್ಕೇ ಪೊಲೀಸ್ ಸೇರಿದವರು. 1990ರಲ್ಲಿ ಘಾನಾಕ್ಕೆ ಓಡಿಹೋಗಿ ನಿರಾಶ್ರಿತರ ಶಿಬಿರದಲ್ಲಿದ್ದು, ಆಮೇಲೆ ವಾಪಸ್ ಬಂದವರು. ನನ್ನನ್ನು ಅವರು ‘ಓಲ್ಡ್ ಮಾ’ ಅಂತ ಕರೆಯುತ್ತಿದ್ದರು. ನನಗೆ ಆಗ ಮೂವತ್ತೆಂಟು. ಮೊದಮೊದಲು ಮುಖ ಗಂಟು ಹಾಕಿಕೊಂಡೆ. ಆಗಿನ ಅಧ್ಯಕ್ಷೆ ಎಲೆನ್ ಜಾನ್ಸನ್ ಸರ್ಲೀಫ್ ಅವರನ್ನೂ ಜನ ಹಾಗೇ ಕರೀತಾರೆ ಅಂತ ಗೊತ್ತಾದ ಮೇಲೆ ಸುಮ್ಮನಾದೆ. ಅದು ವಯಸ್ಸಿನ ಮಾತಲ್ಲ, ಮರ್ಯಾದೆಯ ಮಾತು.

ಅವರ ಇಂಗ್ಲಿಷ್‌ನಲ್ಲಿ ಇನ್ನೊಂದು ಇತ್ತು. ಮಾತಾಡುತ್ತಾ ಇದ್ದವರು ‘ಐ ಕಮಿಂಗ್’ ಅಂತ ಎದ್ದು ಹೊರಗೆ ಹೊರಟೇಬಿಡುತ್ತಿದ್ದರು. ನನ್ನ ಜೊತೆಗಿದ್ದ ಬೇರೆ ದೇಶದ ಸಲಹೆಗಾರರು ತಲೆ ಕೆರೆದುಕೊಳ್ಳುತ್ತಿದ್ದರು. ಬರ್ತೀನಿ ಅಂತಾನೆ, ಹೋಗ್ತಾನೆ, ಇದೇನು ಅಂತ. ನನಗೆ ಮಾತ್ರ ಏನೂ ವಿಚಿತ್ರ ಅನಿಸಲಿಲ್ಲ. ಕನ್ನಡದಲ್ಲಿ ಹೊರಡುವವರು ಇನ್ನೇನು ಹೇಳ್ತಾರೆ? ಬರ್ತೀನಿ ಅಂತಲೇ ಅಲ್ವಾ.

ಮೊದಲ ವಾರ ಸಾರ್ಜೆಂಟ್ ನನಗೆ ನನ್ನ ಹಿಂದಿನವರ ಪರಿಚಯ ಮಾಡಿಸಿದರು. ಮನುಷ್ಯರನ್ನಲ್ಲ, ಅವರು ಬಿಟ್ಟುಹೋದ ರಿಜಿಸ್ಟರ್‌ಗಳನ್ನು. ನಾನು ಅವರಿಗೆ ನಾಲ್ಕನೇ ಸಲಹೆಗಾರ್ತಿ. ಮೊದಲನೆಯವರು ದೂರಿಗೆ ಐದು ಕಾಲಂ ಹಾಕಿಸಿದ್ದರು. ಎರಡನೆಯವರು ಅದು ಸಾಲದು ಅಂತ ಹನ್ನೊಂದು ಮಾಡಿಸಿದ್ದರು. ಮೂರನೆಯವರು ಬಂಧನಕ್ಕೆ ಕೆಂಪು ಶಾಯಿ, ದೂರಿಗೆ ನೀಲಿ ಶಾಯಿ ಅಂದಿದ್ದರು. ಕೆಂಪು ಶಾಯಿ ಒಂದು ತಿಂಗಳಲ್ಲಿ ಖಾಲಿಯಾಗಿತ್ತು. ಮೂವತ್ತಕ್ಕೂ ಹೆಚ್ಚು ದೇಶದ ಪೊಲೀಸರು ಆ ಮಿಷನ್‌ನಲ್ಲಿದ್ದೆವು. ಒಬ್ಬೊಬ್ಬರೂ ನಮ್ಮ ನಮ್ಮ ದೇಶದ ಪದ್ಧತಿಯೇ ಸರಿ ಅಂತ ನಂಬಿದವರು. ಬರುವುದು ಒಂದು ವರ್ಷಕ್ಕೆ, ಊರು ಅರ್ಥವಾಗೋಕೆ ಆರು ತಿಂಗಳು, ಹೊರಡುವ ತಯಾರಿಗೆ ಎರಡು ತಿಂಗಳು. ‘ನೀವು ಎಷ್ಟು ಕಾಲಂ ಹಾಕಿಸ್ತೀರಿ, ಓಲ್ಡ್ ಮಾ?’ ಅಂತ ಅವರು ಗಂಭೀರವಾಗಿಯೇ ಕೇಳಿದರು. ನನ್ನ ಬ್ಯಾಗಿನಲ್ಲಿ ಎಂಟು ಕಾಲಂನ ಒಂದು ನಮೂನೆ ಆಗಲೇ ತಯಾರಿತ್ತು. ಅದನ್ನು ಹೊರಗೆ ತೆಗೆಯಲಿಲ್ಲ.

ಇನ್ನು ಪೆನ್ನಿನ ವಿಷಯ. ಮೇಜಿನ ಕಾಲಿಗೆ ಒಂದು ದಾರ ಕಟ್ಟಿತ್ತು. ದಾರದ ತುದಿಗೆ ಒಂದು ಪೆನ್ನು. ಬಡತನ ಅಂದುಕೊಂಡೆ. ನನ್ನ ಭತ್ಯೆಯಿಂದ ಎರಡು ಡಬ್ಬಿ ಪೆನ್ನು ತಂದು ಮೇಜಿನ ಮೇಲಿಟ್ಟೆ. ಸಾರ್ಜೆಂಟ್ ಥ್ಯಾಂಕ್ಸ್ ಹೇಳಿ ಎರಡನ್ನೂ ಒಳಗಿಟ್ಟು ಬೀಗ ಹಾಕಿದರು. ದಾರ ಹಾಗೇ ಇತ್ತು. ನನಗೆ ಬೇಜಾರಾಯಿತು.

ಅವರು ನನ್ನನ್ನು ಪಕ್ಕದ ಕೋಣೆಯ ಬಾಗಿಲ ಹತ್ತಿರ ನಿಲ್ಲಿಸಿದರು. ನೋಡಿ ಅಂದರು. ಒಬ್ಬ ಹೆಂಗಸು ದೂರು ಕೊಡೋಕೆ ಬಂದಿದ್ದಳು. ಮಾರುಕಟ್ಟೆಯಲ್ಲಿ ಒಣಮೀನು ಮಾರುವವಳು. ಅಲ್ಲಿದ್ದ ಪೇದೆ ಎರಡೂ ಕೈ ತೋರಿಸಿ ‘ಪೆನ್ನು ಮುಗಿದಿದೆ, ಪೇಪರ್ ಇಲ್ಲ’ ಅಂದ. ಆಕೆ ಏನೂ ಮಾತಾಡದೆ ಸೆರಗಿನ ಥರ ಸುತ್ತಿಕೊಂಡಿದ್ದ ಬಟ್ಟೆಯ ಗಂಟು ಬಿಚ್ಚಿ ನೋಟು ತೆಗೆದಳು. ಪೆನ್ನು ಇಲ್ಲ ಅನ್ನುವುದು ಕೊರತೆ ಅಲ್ಲ, ಅದೊಂದು ದರ. ಪೆನ್ನಿಗೆ ಇಷ್ಟು, ಕಾಗದಕ್ಕೆ ಇಷ್ಟು, ಆರೋಪಿಯನ್ನು ಹಿಡಿಯೋಕೆ ಹೋಗಬೇಕಾದರೆ ಪೆಟ್ರೋಲಿಗೆ ಇಷ್ಟು. ಎಲ್ಲ ಮುಗಿದ ಮೇಲೆ ‘ಕೋಲ್ಡ್ ವಾಟರ್’ ಕೊಡಿ. ಕುಡಿಯುವ ನೀರಲ್ಲ, ಸಣ್ಣ ಲಂಚಕ್ಕೆ ಅಲ್ಲಿ ಹಾಗೇ ಹೆಸರು.

‘ಅದಕ್ಕೇ ಕಟ್ಟಿಟ್ಟಿದ್ದೀನಿ’ ಅಂದರು ಸಾರ್ಜೆಂಟ್. ‘ನನ್ನ ಮೇಜಿನಲ್ಲಿ ಪೆನ್ನು ಯಾವತ್ತೂ ಇರುತ್ತೆ. ಯಾರೂ ಜೇಬಿಗೆ ಹಾಕಿಕೊಳ್ಳೋಕಾಗಲ್ಲ. ಇಲ್ಲ ಅಂತ ಸುಳ್ಳು ಹೇಳೋಕೂ ಆಗಲ್ಲ. ನೀವು ತಂದಿದ್ದನ್ನ ಮೇಜಿನ ಮೇಲೆ ಬಿಟ್ಟಿದ್ದರೆ ಸಂಜೆ ಹೊತ್ತಿಗೆ ಒಂದೂ ಉಳೀತಿರಲಿಲ್ಲ. ನಾಳೆಯಿಂದ ಮತ್ತೆ ಪೆನ್ನು ಇಲ್ಲ.’

ಪೇದೆಯ ಮೇಲೆ ನನಗೆ ಉರಿದುಹೋಯಿತು. ಬರೆದು ಮೇಲಕ್ಕೆ ಕಳಿಸಿದೆ, ಅವನಿಗೆ ಎಚ್ಚರಿಕೆ ಸಿಕ್ಕಿತು. ಆದರೆ ಅವನ ಸಂಬಳ ತಿಂಗಳಿಗೆ 100 ಡಾಲರ್‌ಗೂ ಕಡಿಮೆ. ಅದೂ ತಡವಾಗಿ ಬರುತ್ತಿತ್ತು. ಮನೆ ಊರಾಚೆ, ದಿನಾ ಟ್ಯಾಕ್ಸಿಗೆ ಕೊಡಬೇಕು. ನನ್ನ ಒಂದು ದಿನದ ಭತ್ಯೆ ಅವನ ಸಂಬಳದ ಹತ್ತಿರ ಹತ್ತಿರ ಬರುತ್ತಿತ್ತು. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ‘ಪ್ರಾಮಾಣಿಕತೆ’ ಅಂತ ಬೋರ್ಡಿನ ಮೇಲೆ ಬರೆದು ಪಾಠ ಮಾಡುವಾಗ ನಾಲಿಗೆ ತೊದಲುತ್ತದೆ. ತರಬೇತಿಗೆ ದುಡ್ಡು ಕೊಡುವ ದೇಶಗಳು ಬಹಳ. ಸಂಬಳಕ್ಕೆ, ಪೆಟ್ರೋಲಿಗೆ ಕೊಡುವವರು ಕಡಿಮೆ. ತರಬೇತಿಯ ಫೋಟೋ ಚೆನ್ನಾಗಿ ಬರುತ್ತದೆ, ಪೆಟ್ರೋಲಿನ ಫೋಟೋ ಯಾರು ತೆಗೀತಾರೆ?

ಆ ರಿಜಿಸ್ಟರ್‌ನಿಂದ ಒಂದು ಕೆಲಸ ಮಾತ್ರ ನಾವಿಬ್ಬರೂ ಸೇರಿ ಮಾಡಿದೆವು. ಲೈಬೀರಿಯಾದ ಸಂವಿಧಾನದ ಪ್ರಕಾರ ಬಂಧಿಸಿದವರನ್ನು 48 ಗಂಟೆ ಒಳಗೆ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ನಿಯಮ ಎಲ್ಲರಿಗೂ ಬಾಯಿಪಾಠ. ಆದರೆ ಲಾಕಪ್‌ಗೆ ಹಾಕಿದ ಹೊತ್ತು ಬರೆಯದಿದ್ದರೆ 48 ಗಂಟೆ ಎಲ್ಲಿಂದ ಶುರು? ದಿನಾಂಕ ಇರುತ್ತಿತ್ತು, ಸಮಯದ ಜಾಗ ಖಾಲಿ. ಖಾಲಿ ಇದ್ದರೆ ಯಾವಾಗ ಬೇಕಾದರೂ ತುಂಬಬಹುದು. ಯಾಕೆ ಬರೆಯಲ್ಲ ಅಂತ ಕೇಳಿದೆ. ಒಬ್ಬ ಹುಡುಗ ಗೋಡೆ ತೋರಿಸಿದ. ಗಡಿಯಾರ ಇಲ್ಲ. ಅರ್ಧ ಜನರ ಕೈಯಲ್ಲೂ ಇರಲಿಲ್ಲ. ಗಡಿಯಾರ ತರಿಸಿ ಹಾಕಿದೆವು. ಮೂರನೇ ದಿನ ಅದರ ಬ್ಯಾಟರಿ ಮಾಯ, ಯಾರದೋ ರೇಡಿಯೋದಲ್ಲಿ ಪ್ರತ್ಯಕ್ಷ. ಸಾರ್ಜೆಂಟ್ ಬ್ಯಾಟರಿಯ ಮುಚ್ಚಳಕ್ಕೆ ಟೇಪು ಸುತ್ತಿ ಅದರ ಮೇಲೆ ಸಹಿ ಹಾಕಿದರು. ಆಮೇಲೆ ಯಾರೂ ಮುಟ್ಟಲಿಲ್ಲ. ಕಳ್ಳತನ ಮಾಡೋಕೆ ಹೆದರದವರು ಸಹಿ ಹರಿಯೋಕೆ ಹೆದರಿದರು.

ಸಮಯ ಬರೆಯೋಕೆ ಶುರು ಮಾಡಿದ ಮೇಲೆ ಶುಕ್ರವಾರದ ಕಾಟ ಕಣ್ಣಿಗೆ ಬಿತ್ತು. ಶುಕ್ರವಾರ ಸಂಜೆ ಹಿಡಿದವನಿಗೆ ಭಾನುವಾರ ಸಂಜೆಗೆ 48 ಗಂಟೆ ಮುಗಿಯುತ್ತದೆ. ಮ್ಯಾಜಿಸ್ಟ್ರೇಟ್ ಸಿಗುವುದು ಸೋಮವಾರ. ಯಾರ ಮೇಲಾದರೂ ಹಗೆ ಇದ್ದರೆ ಶುಕ್ರವಾರ ದೂರು ಕೊಡಿ ಅಂತ ಊರಿಗೇ ಗೊತ್ತಿತ್ತು. ಸಣ್ಣ ಜಗಳದ ಕೇಸುಗಳನ್ನು ಶುಕ್ರವಾರ ಮಧ್ಯಾಹ್ನದೊಳಗೆ ಮುಗಿಸಬೇಕು, ಆಗದಿದ್ದರೆ ಮುಚ್ಚಳಿಕೆ ಬರೆಸಿಕೊಂಡು ಬಿಡಬೇಕು ಅಂತ ಸಾರ್ಜೆಂಟ್ ಅಧಿಕಾರಿಯನ್ನು ಒಪ್ಪಿಸಿದರು. ನಾನು ಪಕ್ಕದಲ್ಲಿ ನಿಂತಿದ್ದೆ. ಸಲಹೆ ಅಂದರೆ ಅಷ್ಟೇ, ಸರಿಯಾದ ಮನುಷ್ಯ ಮಾತಾಡುವಾಗ ನೀಲಿ ಟೋಪಿ ಹಾಕಿಕೊಂಡು ಪಕ್ಕದಲ್ಲಿ ನಿಲ್ಲುವುದು.

ಅಕ್ಟೋಬರ್‌ನಿಂದ ನನ್ನನ್ನು ವಾರಕ್ಕೆ ಎರಡು ದಿನ ಬೇರೆ ಕೆಲಸಕ್ಕೆ ಹಾಕಿದರು. ಹೊಸದಾಗಿ ಪೊಲೀಸ್ ಸೇರಲು ಬಂದವರ ಪೂರ್ವಾಪರ ವಿಚಾರಿಸುವ ಕೆಲಸ. ನಮಗೆ ಇದು ಗೊತ್ತಿರುವುದೇ. ಅರ್ಜಿ ಹಿಡಿದು ಆ ಊರ ಠಾಣೆಗೆ ಹೋದರೆ ದಾಖಲೆ ಸಿಗುತ್ತದೆ, ಶಾಲೆಗೆ ಹೋದರೆ ಹಾಜರಿ ಪುಸ್ತಕ ಸಿಗುತ್ತದೆ. ಅಲ್ಲಿ ಠಾಣೆಯೂ ಸುಟ್ಟಿತ್ತು, ಶಾಲೆಯೂ ಸುಟ್ಟಿತ್ತು. ಜನನ ಪತ್ರ ಅಂತ ಕೊಟ್ಟಿದ್ದರಲ್ಲಿ ಅಣ್ಣ ತಮ್ಮ ಇಬ್ಬರೂ ನಾಲ್ಕು ತಿಂಗಳ ಅಂತರದಲ್ಲಿ ಹುಟ್ಟಿದ್ದರು.

ಹೋರಾಡಿದ್ದೇ ತಪ್ಪು ಅಂತ ನಿಯಮ ಇರಲಿಲ್ಲ. ಜನರಿಗೆ ಹಿಂಸೆ ಕೊಟ್ಟಿರಬಾರದು. ಅದನ್ನು ಪತ್ತೆ ಮಾಡುವುದು ಹೇಗೆ? ಆಯುಧ ಒಪ್ಪಿಸಿದವರ ಪಟ್ಟಿ ಇತ್ತು. ಅದನ್ನು ನಂಬುವ ಹಾಗಿರಲಿಲ್ಲ. 2003ರ ಕೊನೆಯಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಹೋರಾಟ ಬಿಟ್ಟು ಬಂದವರಿಗೆ ಎರಡು ಕಂತಿನಲ್ಲಿ 300 ಡಾಲರ್ ಕೊಟ್ಟರು. 1 ಲಕ್ಷಕ್ಕೂ ಹೆಚ್ಚು ಜನ ಬಂದು ಹೆಸರು ಬರೆಸಿದರು. ಸಿಕ್ಕಿದ ಬಂದೂಕು ಸುಮಾರು 28,000. ಬಂದೂಕೇ ಬೇಕು ಅಂತಲೂ ಇರಲಿಲ್ಲ, 150 ಗುಂಡು ತಂದುಕೊಟ್ಟರೂ ಸೇರಿಸಿಕೊಳ್ಳುತ್ತಿದ್ದರು. ಹಾಗಾಗಿ ಬಂದೂಕು ಮುಟ್ಟಿಯೇ ಇಲ್ಲದ ಎಷ್ಟೋ ಜನರ ಹತ್ತಿರ ಮಾಜಿ ಹೋರಾಟಗಾರರ ಕಾರ್ಡು. ನಿಜವಾಗಿ ಹೊಡೆದಾಡಿದವನು ಬುದ್ಧಿವಂತನಾದರೆ ಕಾರ್ಡನ್ನು ಯಾವತ್ತೋ ಹರಿದು ಎಸೆದಿರುತ್ತಿದ್ದ.

ನಮ್ಮ ಅರ್ಜಿಯಲ್ಲಿ ಒಂದು ಪ್ರಶ್ನೆ. 1999ರಿಂದ 2003ರವರೆಗೆ ಏನು ಮಾಡುತ್ತಿದ್ದಿರಿ? ಹತ್ತರಲ್ಲಿ ಏಳು ಜನರ ಉತ್ತರ ಒಂದೇ: ‘ಕಾಡಿನಲ್ಲಿದ್ದೆ.’ ಮೊದಲ ದಿನ ನಾನು ಎಲ್ಲರ ಮುಂದೆಯೂ ‘ಓಡಿಹೋಗಿ ಬಚ್ಚಿಟ್ಟುಕೊಂಡಿದ್ದರು’ ಅಂತ ಬರೆದೆ. ಸಂಜೆ ಲೈಬೀರಿಯಾದ ಸಹೋದ್ಯೋಗಿ ನೋಡಿ ನಕ್ಕರು. ಕಾಡಿನಲ್ಲಿದ್ದೆ ಅಂದರೆ ಹೆದರಿ ಅಡಗಿದ್ದೆ ಅಂತಲೂ ಆಗುತ್ತದೆ, ಹೋರಾಟಗಾರರ ಜೊತೆಗಿದ್ದೆ ಅಂತಲೂ ಆಗುತ್ತದೆ. ಹೇಳುವವನಿಗೆ ಎರಡೂ ಅನುಕೂಲ.

ಒಬ್ಬನ ಕಥೆ ಇವತ್ತಿಗೂ ನೆನಪಿದೆ. ಇಪ್ಪತ್ನಾಲ್ಕರ ಹುಡುಗ, ಬಾಂಗ್ ಕೌಂಟಿಯವನು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಬರವಣಿಗೆ ಚೆನ್ನ, ಓಟದಲ್ಲಿ ಮೊದಲು. ಇವನೂ ಕಾಡಿನಲ್ಲಿದ್ದವನೇ. ಅವನ ಊರಿಗೆ ಹೋದೆವು. ಕೌಂಟಿಯ ಮುಖ್ಯ ಊರು ಬಂಗಾದಿಂದ ಮುಂದೆ ಕೆಂಪು ಮಣ್ಣಿನ ದಾರಿ, ಎರಡು ಗಂಟೆಯ ದಾರಿಗೆ ಆರು ಗಂಟೆ ಹಿಡಿಯಿತು. ಊರ ಹಿರಿಯರು ಒಳ್ಳೆಯ ಹುಡುಗ ಅಂದರು. ಅವರು ಎಲ್ಲರ ಬಗ್ಗೆಯೂ ಹಾಗೇ ಅಂತಾರೆ, ಊರಿಗೊಬ್ಬ ಪೊಲೀಸ್ ಸಿಕ್ಕರೆ ಲಾಭ ತಾನೇ. ವಾಪಸ್ ಹೊರಟಾಗ ಮರಗೆಣಸಿನ ಸೊಪ್ಪು ಕುಟ್ಟುತ್ತಿದ್ದ ಒಬ್ಬ ಅಜ್ಜಿಯನ್ನು ಕೇಳಿದೆ. ಆಕೆ ಕುಟ್ಟುವುದು ನಿಲ್ಲಿಸಲಿಲ್ಲ. ‘ಅವನು ನಮಗೇನೂ ಮಾಡಲಿಲ್ಲ’ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ‘ನಮಗೆ’ ಅಂತ ಮತ್ತೊಮ್ಮೆ ಅಂದಳು.

ಹಾಗಾದರೆ ಯಾರಿಗೆ? ಪಕ್ಕದ ಎರಡು ಊರಿನಲ್ಲಿ ವಿಚಾರಿಸಿದೆವು. ಯಾರೂ ಬಾಯಿ ಬಿಡಲಿಲ್ಲ. ಆ ಎರಡು ಸಲದ ‘ನಮಗೆ’ಯನ್ನು ನಾನು ವರದಿಯಲ್ಲಿ ಇದ್ದ ಹಾಗೇ ಬರೆದೆ. ಸಮಿತಿಯಲ್ಲಿ ಎರಡು ಗಂಟೆ ವಾದವಾಯಿತು. ಸಾಕ್ಷಿ ಇಲ್ಲದೆ ತಿರಸ್ಕರಿಸಿದರೆ ಅನ್ಯಾಯ. ತೆಗೆದುಕೊಂಡು ನಾಳೆ ಅವನು ಸಮವಸ್ತ್ರ ಹಾಕಿಕೊಂಡು ಆ ಪಕ್ಕದ ಊರಿನ ಚೆಕ್‌ಪೋಸ್ಟ್‌ನಲ್ಲಿ ನಿಂತರೆ? ಕೊನೆಗೆ ಕೈಬಿಟ್ಟರು. ನಾನೂ ಕೈಬಿಡಿ ಅಂತಲೇ ಹೇಳಿದ್ದೆ. ಫಲಿತಾಂಶದ ಪಟ್ಟಿ ಹಾಕಿದ ದಿನ ಅವನು ಗೋಡೆಯ ಮುಂದೆ ನಿಂತು ಮೇಲಿಂದ ಕೆಳಗೆ ಮೂರು ಸಲ ಓದಿದ್ದನ್ನು ನೋಡಿದೆ. ಏನೂ ಕೇಳದೆ ಹೊರಟುಹೋದ. ಒಂದು ಅಜ್ಜಿಯ ಒಂದು ಶಬ್ದದ ಮೇಲೆ ಒಬ್ಬನ ಬಾಳು ತೀರ್ಮಾನವಾಯಿತು. ಅದು ತಪ್ಪು ಅಂತ ಈಗಲೂ ಹೇಳಲಾರೆ. ಸರಿ ಅಂತ ಹೇಳೋಕೂ ಧೈರ್ಯ ಬರಲ್ಲ.

ಇದೆಲ್ಲ ನಡೆಯುವಾಗ ಊರಿನಲ್ಲಿ ದರೋಡೆ ಜಾಸ್ತಿಯಾಗಿತ್ತು. ನಿಮ್ಮ ನಿಮ್ಮ ಬೀದಿಗೆ ನೀವೇ ಕಾವಲು ಪಡೆ ಮಾಡಿಕೊಳ್ಳಿ ಅಂತ ಸೆಪ್ಟೆಂಬರ್‌ನಲ್ಲಿ ಕಾನೂನು ಮಂತ್ರಿಯೇ ಜನರಿಗೆ ಹೇಳಿದ್ದರು. ಹೊಸ ಪೊಲೀಸ್ ಕಟ್ಟುತ್ತಿದ್ದ ನಮಗೆ ಅದು ಕೆನ್ನೆಗೆ ಹೊಡೆದ ಹಾಗಾಯಿತು. ಆದರೆ ಸುಳ್ಳೇನೂ ಅಲ್ಲ. ಮಾಮೂಲಿ ಪೊಲೀಸರಿಗೆ ಬಂದೂಕು ಕೊಟ್ಟಿರಲಿಲ್ಲ. ಹಿಂದೆ ಕೊಟ್ಟು ಅನುಭವಿಸಿದ್ದು ಸಾಕು ಅಂತ. ದರೋಡೆ ಮಾಡುವವರ ಕೈಯಲ್ಲಿ ಮಚ್ಚು, ಕೆಲವರ ಹತ್ತಿರ ಬಂದೂಕು. ಒಂದು ರಾತ್ರಿ ಡಿಪೋದಲ್ಲಿದ್ದಾಗ ದೂರದಿಂದ ‘ರೋಗ್! ರೋಗ್!’ ಅಂತ ಕೂಗು ಕೇಳಿತು. ಕಳ್ಳ ಅಂತ ಅರ್ಥ. ಜೊತೆಗೆ ಪಾತ್ರೆ ಬಡಿಯುವ ಸದ್ದು, ಒಂದು ಮನೆಯಿಂದ ಇನ್ನೊಂದು ಮನೆಗೆ ಹಬ್ಬುತ್ತಾ ಬಂತು. ಡಿಪೋದ ಜೀಪಿಗೆ ಪೆಟ್ರೋಲ್ ಇರಲಿಲ್ಲ. ಇಬ್ಬರು ಹುಡುಗರು ಬರಿ ಲಾಠಿ ಹಿಡಿದು ನಡೆದುಕೊಂಡು ಹೊರಟರು. ಅವರು ಓಡಲಿಲ್ಲ. ನಾನಾದರೂ ಓಡುತ್ತಿರಲಿಲ್ಲ. ಅವರು ಮುಟ್ಟುವಷ್ಟರಲ್ಲಿ ಜನ ಒಬ್ಬನನ್ನು ಹಿಡಿದು ಸಾಯುವಷ್ಟು ಹೊಡೆದಿದ್ದರು. ಹುಡುಗರು ಅವನನ್ನು ತಳ್ಳುಗಾಡಿಯಲ್ಲಿ ಹಾಕಿಕೊಂಡು ಬಂದರು. ಸಾರ್ಜೆಂಟ್ ಮೊದಲು ಗಡಿಯಾರ ನೋಡಿದರು, ಆಮೇಲೆ ದಾರ ಎಳೆದು ಪೆನ್ನು ತೆಗೆದುಕೊಂಡರು. ‘ರಾತ್ರಿ 1.15. ಬದುಕಿದ್ದಾನೆ.’

2007ರ ಜನವರಿ ಕೊನೆಯಲ್ಲಿ ನಮ್ಮ ಸಿಆರ್‌ಪಿಎಫ್‌ನ ಹೆಣ್ಣುಮಕ್ಕಳ ತುಕಡಿ ಬಂದಿಳಿಯಿತು. ನೂರಕ್ಕೂ ಹೆಚ್ಚು ಜನ. ವಿಶ್ವಸಂಸ್ಥೆಯ ಕಾರ್ಯಾಚರಣೆಯಲ್ಲಿ ಬರೀ ಹೆಂಗಸರದ್ದೇ ಪೊಲೀಸ್ ತುಕಡಿ ಅದೇ ಮೊದಲು. ಅಧ್ಯಕ್ಷೆಯ ಕಚೇರಿಯ ಮುಂದೆ ಅವರು ಬಂದೂಕು ಹಿಡಿದು ನಿಂತದ್ದನ್ನು ಜನ ಟ್ಯಾಕ್ಸಿ ನಿಲ್ಲಿಸಿ ನೋಡುತ್ತಿದ್ದರು. ಇಷ್ಟು ದಿನ ಕುತೂಹಲಕ್ಕೆ ನನ್ನೊಬ್ಬಳನ್ನೇ ನೋಡುತ್ತಿದ್ದ ಬೀದಿಗೆ ಈಗ ನೋಡೋಕೆ ಬಹಳ ಜನ ಇದ್ದರು. ನನಗೂ ಹಾಯೆನಿಸಿತು. ಆ ತುಕಡಿ ಬದಲಾಗುತ್ತಾ 2016ರವರೆಗೆ ಅಲ್ಲಿತ್ತು. ಲೈಬೀರಿಯಾ ಪೊಲೀಸರಲ್ಲಿ ಹೆಂಗಸರ ಪಾಲು ಆ ಒಂಬತ್ತು ವರ್ಷದಲ್ಲಿ ಶೇಕಡಾ 6ರಿಂದ 17ಕ್ಕೆ ಏರಿತು.

ಅಂಕಿ ಓದೋಕೆ ಚೆನ್ನ. ಒಳಗಿನ ಕಥೆ ಬೇರೆ. ಪೊಲೀಸ್ ಸೇರಲು ಹೈಸ್ಕೂಲ್ ಮುಗಿಸಿರಬೇಕು. ಯುದ್ಧದಲ್ಲಿ ಬೆಳೆದ ಹೆಣ್ಣುಮಕ್ಕಳಲ್ಲಿ ಹಾಗೆ ಮುಗಿಸಿದವರು ಎಲ್ಲಿ ಸಿಗಬೇಕು? ಅದಕ್ಕೆ ಕೆಲವೇ ತಿಂಗಳಲ್ಲಿ ಹೈಸ್ಕೂಲ್ ಮಟ್ಟಕ್ಕೆ ತರುವ ತರಗತಿ ಶುರು ಮಾಡಿದರು. ಅಲ್ಲಿ ವಾರಕ್ಕೊಂದು ದಿನ ನಾನು ವರದಿ ಬರೆಯುವುದನ್ನು ಹೇಳಿಕೊಟ್ಟೆ. ಒಬ್ಬಳಿದ್ದಳು, ಮೂವತ್ತರ ಹತ್ತಿರ, ಇಬ್ಬರು ಮಕ್ಕಳ ತಾಯಿ. ಗಲಾಟೆ ಮಾಡುವ ಗುಂಪಿನ ಮಧ್ಯೆ ಹೋಗಿ ನಿಂತು ಎರಡು ಮಾತಾಡಿದರೆ ಗುಂಪು ಚದುರುತ್ತಿತ್ತು. ಅಂಥ ಗಂಟಲು, ಅಂಥ ಕಣ್ಣು. ಅವಳು ಬರೆದ ಮೊದಲ ವರದಿ ಒಂದೇ ಸಾಲು: ‘ಆ ಗಂಡಸು ಆ ಹೆಂಗಸಿಗೆ ಕೆಟ್ಟದ್ದು ಮಾಡಿದ.’ ಯಾವ ಗಂಡಸು, ಯಾವಾಗ, ಎಲ್ಲಿ ಅಂತ ಕೇಳಿದರೆ ಬಾಯಲ್ಲಿ ಎಲ್ಲ ಇತ್ತು. ಇಡೀ ಘಟನೆ ಬಿಡಿಸಿ ಬಿಡಿಸಿ ಹೇಳಿದಳು. ಕಾಗದದ ಮೇಲೆ ಬರುತ್ತಿರಲಿಲ್ಲ.

ಅತ್ಯಾಚಾರದ ಹೊಸ ಕಾನೂನು ಬಂದು ವರ್ಷವಾಗಿತ್ತಷ್ಟೇ. ಕಾನೂನು ಬಿಗಿಯಾಗಿತ್ತು. ಕೋರ್ಟಿಗೆ ಬೇಕಾದದ್ದು ಕಾಗದ. ಕಾಗದ ಸರಿ ಇಲ್ಲದಿದ್ದರೆ ಮನೆಯವರು ರಾಜಿ ಮಾಡಿಕೊಂಡು ಕೇಸು ಬಿದ್ದುಹೋಗುತ್ತಿತ್ತು. ಅವಳನ್ನು ಸೇರಿಸಿಕೊಂಡದ್ದು ತಪ್ಪು, ಮಟ್ಟ ಇಳಿಸಿದ್ದೀರಿ ಅಂತ ನನ್ನ ಕೆಲವು ಸಹೋದ್ಯೋಗಿಗಳೇ ಹೇಳುತ್ತಿದ್ದರು. ಅವರ ಮಾತಲ್ಲಿ ಸತ್ಯ ಇಲ್ಲ ಅಂತ ಅಲ್ಲ. ಸಂಖ್ಯೆ ತುಂಬಿಸುವ ಆತುರ ಇದ್ದದ್ದು ನಿಜ. ಆದರೆ ಹಿಂಸೆ ಅನುಭವಿಸಿ ಬಂದ ಹುಡುಗಿಯರು ಹೈಸ್ಕೂಲ್ ಸರ್ಟಿಫಿಕೇಟ್ ಇರುವ ಗಂಡಸಿನ ಮುಂದೆ ಬಾಯಿ ಬಿಡುತ್ತಿರಲಿಲ್ಲ, ಇವಳ ಮುಂದೆ ಬಿಡುತ್ತಿದ್ದರು. ನಾನು ಸುಲಭದ ದಾರಿ ಹಿಡಿದೆ. ಅವಳು ಹೇಳಲಿ, ಬರವಣಿಗೆ ಬರುವ ಇನ್ನೊಬ್ಬಳು ಬರೆಯಲಿ ಅಂತ ಜೋಡಿ ಮಾಡಿದೆ. ನಿಯಮದಲ್ಲಿ ಹಾಗೆ ಇರಲಿಲ್ಲ. ಯಾರೂ ಬೇಡ ಅನ್ನಲೂ ಇಲ್ಲ.

ನಾನು ಹೊರಡುವ ಹೊತ್ತಿಗೆ ಪೊಲೀಸ್ ಅಕಾಡೆಮಿಯಲ್ಲಿ ತರಬೇತಿ ಮುಗಿಸಿ ಹೊರಬಂದವರ ಸಂಖ್ಯೆ 3,500 ಮುಟ್ಟಿತ್ತು. ಅದು ಮಿಷನ್ ಇಟ್ಟುಕೊಂಡಿದ್ದ ಗುರಿ. ಕೇಕ್ ಕತ್ತರಿಸಿದರು. ನನ್ನ ಡಿಪೋದಲ್ಲಿ ಅಂಥದ್ದೇನೂ ಇರಲಿಲ್ಲ. ಕೊನೆಯ ದಿನ ನನ್ನ ಜಾಗಕ್ಕೆ ಬರುವ ಸಲಹೆಗಾರರನ್ನು ಕರೆದುಕೊಂಡು ಹೋದೆ. ಚುರುಕಾದ ಮನುಷ್ಯ, ಬೇರೆ ಖಂಡದವರು. ಕೂತ ತಕ್ಷಣ ರಿಜಿಸ್ಟರ್ ತಿರುವಿ ಹಾಕಿ, ಇದನ್ನೆಲ್ಲ ಕಂಪ್ಯೂಟರ್‌ಗೆ ಹಾಕಬೇಕು, ನನ್ನ ಹತ್ತಿರ ನಮೂನೆ ಇದೆ ಅಂದರು. ನಾನು ಮಾಡಿನ ಕಡೆ ನೋಡಿದೆ. ಡಿಪೋಗೆ ಕರೆಂಟ್ ಇನ್ನೂ ಬಂದಿರಲಿಲ್ಲ. ಸಾರ್ಜೆಂಟ್ ಮಾತ್ರ ತಾಳ್ಮೆಯಿಂದ ಹೂಂಗುಟ್ಟುತ್ತಿದ್ದರು. ವರ್ಷದ ಹಿಂದೆ ನನಗೂ ಹೀಗೇ ಹೂಂಗುಟ್ಟಿದ್ದರು ಅನ್ನುವುದು ಆಗ ಹೊಳೆಯಿತು.

ಅವರು ಗಡಿಯಾರ ನೋಡಿದರು. ದಾರ ಎಳೆದುಕೊಂಡು ಬರೆದರು. ನಾನು ನಾಚಿಕೆ ಬಿಟ್ಟು ಬಗ್ಗಿ ಓದಿದೆ. ‘ಮಧ್ಯಾಹ್ನ 2.10. ಓಲ್ಡ್ ಮಾ ಹೊರಟರು. ಹೊಸ ಯುಎನ್ ಬಂದರು.’ ಬರೆಯುವುದು ಅಲ್ಲಿಗೆ ನಿಂತಿತು. ಪೆನ್ನು ಕೊರೆಯಿತು, ಶಾಯಿ ಮುಗಿದಿತ್ತು. ಹೊಸಬರು ತಕ್ಷಣ ತಮ್ಮ ಜೇಬಿನಿಂದ ಪೆನ್ನು ತೆಗೆದು ಕೊಟ್ಟರು. ದುಬಾರಿ ಪೆನ್ನು, ಹೊಳೆಯುವ ಕ್ಲಿಪ್ಪು.

‘ಐ ಕಮಿಂಗ್’ ಅಂದೆ ನಾನು. ಸಾರ್ಜೆಂಟ್ ಕೈ ಕುಲುಕಿ ಬೆರಳು ಚಿಟಿಕೆ ಹೊಡೆದು ನಕ್ಕರು. ನಾನು ಬಾಗಿಲು ದಾಟುವಾಗ ಅವರು ಹಳೆಯ ಪೆನ್ನಿನ ಕುತ್ತಿಗೆಯಿಂದ ದಾರದ ಗಂಟು ಬಿಚ್ಚುತ್ತಿದ್ದರು. ಹೊಸಬರು ಇನ್ನೂ ಕೈ ಚಾಚಿಕೊಂಡೇ ಇದ್ದರು, ತಮ್ಮ ಪೆನ್ನು ವಾಪಸ್ ಬರುತ್ತದೆ ಅಂತ.